ನಿರ್ದೇಶಕ ತತ್ತ್ವಗಳು ಐರ್ಲೆಂಡಿಗೆ ಎಲ್ಲಿಂದ ಬಂದವು?

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲೆಲ್ಲ “ರಾಜ್ಯನೀತಿಯ ನಿರ್ದೇಶಕ ತತ್ತ್ವಗಳು – ಐರ್ಲೆಂಡ್” ಎಂಬ ಒಂದು ಸಾಲು ಇರುತ್ತದೆ. ಅಲ್ಲಿಗೆ ಮುಗಿಯಿತು. ಐರ್ಲೆಂಡಿನಲ್ಲಿ ಈ ವಿಚಾರಗಳನ್ನು ಮೊದಲು ಬರೆದವರು ಯಾರು? ಯಾವ ಬರಹದಿಂದ ಓದಲು ಶುರುಮಾಡಬೇಕು? ಓದುವಾಗ ಎಲ್ಲಿ ತಪ್ಪು ತಿಳಿಯುವ ಸಂಭವ ಹೆಚ್ಚು? ಇಂಗ್ಲಿಷ್ ಓದಬಲ್ಲೆ, ಆದರೆ ಆ ದೇಶದ ಇತಿಹಾಸ ಗೊತ್ತಿಲ್ಲ.

ಉತ್ತರ: ಆ ಒಂದು ಸಾಲು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಗ್ರಾಮ ಪಂಚಾಯಿತಿ, ಗುಡಿ ಕೈಗಾರಿಕೆ, ಪಾನನಿರೋಧ, ಗೋರಕ್ಷಣೆ ಇವು ಐರ್ಲೆಂಡಿನಿಂದ ಬಂದವಲ್ಲ. 1931ರ ಕರಾಚಿ ಕಾಂಗ್ರೆಸ್ ನಿರ್ಣಯದ ಪಾಲೂ ಈ ತತ್ತ್ವಗಳಿರುವ ನಮ್ಮ ಸಂವಿಧಾನದ ನಾಲ್ಕನೇ ಭಾಗದಲ್ಲಿ ಇದೆ. ಆದರೆ 38, 39 ಮತ್ತು 46ನೇ ವಿಧಿಗಳನ್ನು ಐರ್ಲೆಂಡಿನ 1937ರ ಸಂವಿಧಾನದ 45ನೇ ವಿಧಿಯ ಪಕ್ಕದಲ್ಲಿಟ್ಟು ಓದಿದರೆ ಸಾಲಿಗೆ ಸಾಲೇ ಕಣ್ಣಿಗೆ ಹೊಡೆಯುತ್ತದೆ. ಪುಸ್ತಕಗಳನ್ನು ತೆರೆಯುವ ಮೊದಲು ಈ ಕೆಲಸ ಮಾಡಿ. ಒಂದು ಗಂಟೆ ಸಾಕು.

ಐರಿಷ್ ವಿಧಿ ಶುರುವಾಗುವುದು ಹೀಗೆ: ನ್ಯಾಯ ಮತ್ತು ದಾನಧರ್ಮ ರಾಷ್ಟ್ರಜೀವನದ ಎಲ್ಲ ಸಂಸ್ಥೆಗಳಲ್ಲಿ ತುಂಬಿರುವಂಥ ಸಾಮಾಜಿಕ ವ್ಯವಸ್ಥೆಯನ್ನು ಕೈಲಾದಷ್ಟು ಪರಿಣಾಮಕಾರಿಯಾಗಿ ಕಟ್ಟಿ ಕಾಪಾಡಿ, ಸರ್ವಜನರ ಕಲ್ಯಾಣಕ್ಕೆ ರಾಜ್ಯ ಶ್ರಮಿಸಬೇಕು. ನಮ್ಮ 38ನೇ ವಿಧಿಯೂ ಇದೇ ಅಚ್ಚಿನದು. ವ್ಯತ್ಯಾಸವಿರುವುದು ಮುಖ್ಯವಾಗಿ ಒಂದು ಕಡೆ. “ದಾನಧರ್ಮ” ಹೋಗಿ, ನ್ಯಾಯಕ್ಕೆ “ಸಾಮಾಜಿಕ, ಆರ್ಥಿಕ, ರಾಜಕೀಯ” ಎಂಬ ವಿಶೇಷಣಗಳು ಬಂದಿವೆ. ನಮ್ಮ ಸರ್ಕಾರಿ ಕನ್ನಡದಲ್ಲಿ ದಿನಬಳಕೆಯಾಗಿ ಹೋಗಿರುವ “ದುರ್ಬಲ ವರ್ಗಗಳು” ಎಂಬ ಮಾತಿನ ಮೂಲವೂ ಅಲ್ಲೇ ಇದೆ. ಸಮುದಾಯದ ದುರ್ಬಲ ವರ್ಗಗಳ ಆರ್ಥಿಕ ಹಿತವನ್ನು ವಿಶೇಷ ಎಚ್ಚರದಿಂದ ಕಾಯಬೇಕು, ಅಶಕ್ತರು, ವಿಧವೆಯರು, ಅನಾಥರು, ವೃದ್ಧರಿಗೆ ಅಗತ್ಯವಿದ್ದಲ್ಲಿ ನೆರವಾಗಬೇಕು ಎಂದು ಐರಿಷ್ ಪಠ್ಯ ಹೇಳುತ್ತದೆ. ನಮ್ಮ 46ನೇ ವಿಧಿ ಅದಕ್ಕೆ ಶಿಕ್ಷಣವನ್ನು ಸೇರಿಸಿತು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಹೆಸರು ಹಿಡಿದು ಹೇಳಿತು.

39ನೇ ವಿಧಿಯ ಬಿ ಖಂಡ ಇನ್ನೂ ಕುತೂಹಲದ್ದು. ಸಮುದಾಯದ ಭೌತಿಕ ಸಂಪನ್ಮೂಲಗಳ ಒಡೆತನ ಮತ್ತು ಹತೋಟಿ ಸರ್ವಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕು ಎನ್ನುವುದು ನಮ್ಮದು. ಐರಿಷ್ ಮೂಲದಲ್ಲಿ ನಡುವೆ ಒಂದು ತುಂಡು ಹೆಚ್ಚಿಗೆ ಇದೆ: “ಖಾಸಗಿ ವ್ಯಕ್ತಿಗಳ ಮತ್ತು ವಿವಿಧ ವರ್ಗಗಳ ನಡುವೆ”. ನಮ್ಮವರು ಅದನ್ನು ಕಿತ್ತುಹಾಕಿದರು. ಐರ್ಲೆಂಡಿನ ಸಮಾಜ ಸುಧಾರಣೆಯ ಬರಹಗಳನ್ನು ಓದಲು ಹೊರಟವರಿಗೆ ಈ ತುಂಡೇ ದಾರಿದೀಪ. ಏಕೆಂದರೆ ನೂರು ವರ್ಷಕ್ಕೂ ಮಿಕ್ಕಿ ಆ ದೇಶದ ಬರಹಗಾರರು ಕಿತ್ತಾಡಿದ್ದು ಇದೊಂದೇ ಪ್ರಶ್ನೆಗೆ: ಐರ್ಲೆಂಡಿನ ನೆಲ ಯಾರದು? ಜನರದೋ, ರಾಷ್ಟ್ರದ್ದೋ, ಉಳುವ ಒಬ್ಬೊಬ್ಬನದೋ? ಯಾವ ಬರಹ ಕೈಗೆ ಬಂದರೂ ಒಡೆಯನ ಜಾಗದಲ್ಲಿ ಯಾವ ಪದವಿದೆ ಎಂದು ಮೊದಲು ನೋಡಿ.

ಈ ಪ್ರಶ್ನೆಯನ್ನು ಅತಿ ಬಿಚ್ಚಾಗಿ ಕೇಳಿದವನು ಜೇಮ್ಸ್ ಫಿಂಟನ್ ಲಾಲರ್. 1807ರಲ್ಲಿ ಈಗಿನ ಲೀಶ್ ಕೌಂಟಿಯ ಟೆನಕಿಲ್‌ನಲ್ಲಿ ಹುಟ್ಟಿದವನು. ಬೆನ್ನುಮೂಳೆಯ ತೊಂದರೆಯಿಂದ ಮೈ ಕುಗ್ಗಿತ್ತು. ಬರೆದದ್ದು ಬಹಳ ಕಡಿಮೆ. 1847ರಲ್ಲಿ ‘ದಿ ನೇಷನ್’ ಪತ್ರಿಕೆಗೆ ಕೆಲವು ಪತ್ರಗಳು, 1848ರ ಜೂನ್ ಮತ್ತು ಜುಲೈಯಲ್ಲಿ ‘ದಿ ಐರಿಷ್ ಫೆಲನ್’ ಎಂಬ, ಐದೇ ಸಂಚಿಕೆ ಬಾಳಿದ ವಾರಪತ್ರಿಕೆಗೆ ಕೆಲವು ಲೇಖನಗಳು. ಅಷ್ಟೆ. 1849ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಆದರೆ 1848ರ ಜೂನ್ 24ರ ಮೊದಲ ಸಂಚಿಕೆಯಲ್ಲಿ ಅವನು ಬರೆದ ಒಂದು ವಾಕ್ಯ ಎಪ್ಪತ್ತು ವರ್ಷ ಓಡಾಡಿತು: ಐರ್ಲೆಂಡಿನ ಪೂರ್ಣ ಒಡೆತನ, ನೈತಿಕವೂ ಭೌತಿಕವೂ ಆದದ್ದು, ಮೇಲೆ ಸೂರ್ಯನವರೆಗೆ, ಕೆಳಗೆ ಭೂಮಿಯ ನಡುವಿನವರೆಗೆ, ಹಕ್ಕಿನಿಂದ ಐರ್ಲೆಂಡಿನ ಜನರದು.

“ಸೂರ್ಯನವರೆಗೆ, ಭೂಮಿಯ ನಡುವಿನವರೆಗೆ” ಎಂಬುದನ್ನು ಕಾವ್ಯವೆಂದು ಓದಿದರೆ ಮೊದಲ ಎಡವು ಅಲ್ಲೇ. ಅದು ವಕೀಲರ ಮಾತು. ನೆಲ ಯಾರದೋ ಅದರ ಮೇಲಿನ ಆಕಾಶವೂ ಕೆಳಗಿನ ಪಾತಾಳವೂ ಅವನದೇ ಎಂಬ ಹಳೆಯ ಲ್ಯಾಟಿನ್ ನ್ಯಾಯಸೂತ್ರ ಖಾಸಗಿ ಭೂಮಾಲೀಕನ ಆಯುಧವಾಗಿತ್ತು. ಲಾಲರ್ ಅದನ್ನು ಅವನ ಕೈಯಿಂದ ಕಿತ್ತು ಜನರ ಕೈಗೆ ಕೊಟ್ಟ. ಹಾಗೆಂದು ಮಾಲೀಕರನ್ನೆಲ್ಲ ಓಡಿಸಿ ಎಂದು ಅವನು ಹೇಳಲಿಲ್ಲ. ಜನರ ಒಡೆತನವನ್ನು ಒಪ್ಪಿ, ಅವರಿಂದ ಹಿಡುವಳಿ ಪಡೆದವರಾಗಿ ಉಳಿಯುವುದಾದರೆ ಉಳಿಯಲಿ ಎಂದ. ಅಂದರೆ ಜಮೀನ್ದಾರನೇ ಜನರ ಗೇಣಿದಾರ. ಗೇಣಿ ಕೊಡದೆ, ಆದರೆ ಬೆಳೆ ಬಿಡದೆ ಕೂತುಬಿಡುವುದು ಅವನು ಸೂಚಿಸಿದ ಮುಖ್ಯ ದಾರಿ.

ಅವನು ಬರೆಯುತ್ತಿದ್ದದ್ದು ಬರಗಾಲದ ನಡುವೆ ಎನ್ನುವುದನ್ನು ಮರೆತು ಓದಿದರೆ ಆ ಗದ್ಯದ ಬಿಸಿ ಅರ್ಥವಾಗುವುದಿಲ್ಲ. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ 81.75 ಲಕ್ಷ ಇದ್ದ ಜನಸಂಖ್ಯೆ 1851ರಲ್ಲಿ 65.5 ಲಕ್ಷಕ್ಕೆ ಇಳಿದಿತ್ತು. 1847ರಲ್ಲಿ ಬಡವರ ಕಾಯಿದೆಗೆ ಒಂದು ತಿದ್ದುಪಡಿ ಬಂತು: ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನಿಗೆ ಸರ್ಕಾರಿ ನೆರವಿಲ್ಲ. ನಮ್ಮ ಲೆಕ್ಕದಲ್ಲಿ 10 ಗುಂಟೆ. ಗಂಜಿ ಬೇಕೆಂದರೆ ಹೊಲ ಬಿಡಬೇಕು, ಹೊಲ ಬೇಕೆಂದರೆ ಗಂಜಿ ಬಿಡಬೇಕು. ಲಾಲರ್‌ನ ಲೇಖನಗಳು ಈ 10 ಗುಂಟೆಗೆ ಬರೆದ ಉತ್ತರಗಳು.

ಇಲ್ಲಿಂದ ಹಿಂದಕ್ಕೆ ಒಂದು ಹೆಜ್ಜೆ. ಜೊನಾಥನ್ ಸ್ವಿಫ್ಟ್ ಎಂದರೆ ಗಲಿವರನ ಕಥೆ ನೆನಪಾಗುತ್ತದೆ, ಆದರೆ ಡಬ್ಲಿನ್ನಿನಲ್ಲಿ ಅವನ ಹೆಸರು ನಿಂತದ್ದು ಕರಪತ್ರಗಳಿಂದ. 1720ರಲ್ಲಿ ಐರಿಷ್ ಬಟ್ಟೆಯನ್ನೇ ಉಡಿ ಎಂದು ಬರೆದ. ಮುದ್ರಕನ ಮೇಲೆ ಮೊಕದ್ದಮೆ ಬಿತ್ತು, ತಪ್ಪಿತಸ್ಥನಲ್ಲ ಎಂದ ಜ್ಯೂರಿಯನ್ನು ನ್ಯಾಯಾಧೀಶ ಒಂಬತ್ತು ಸಲ ವಾಪಸು ಕಳಿಸಿದ. 1729ರ ‘ಎ ಮಾಡೆಸ್ಟ್ ಪ್ರಪೋಸಲ್’ನಲ್ಲಿ ಅವನು ಸಭ್ಯ ಅರ್ಥಶಾಸ್ತ್ರಜ್ಞನ ದನಿಯಲ್ಲಿ ಒಂದು ಲೆಕ್ಕ ಮಂಡಿಸುತ್ತಾನೆ. ದೇಶದ ಜನ 15 ಲಕ್ಷ. ಹೆರುವ ದಂಪತಿ 2 ಲಕ್ಷ. ಸಾಕಲು ಶಕ್ತರಾದ 30,000 ಕಳೆ. ಗರ್ಭಪಾತಕ್ಕೂ ವರ್ಷದೊಳಗಿನ ಸಾವಿಗೂ 50,000 ಕಳೆ. ಉಳಿದದ್ದು ವರ್ಷಕ್ಕೆ 1,20,000 ಬಡ ಕೂಸುಗಳು. ತಳಿಗೆಂದು 20,000 ಇಟ್ಟುಕೊಂಡು ಮಿಕ್ಕ ಒಂದು ಲಕ್ಷವನ್ನು ಒಂದು ವರ್ಷ ತುಂಬಿದ ಮೇಲೆ ಶ್ರೀಮಂತರ ಊಟದ ಮೇಜಿಗೆ ಮಾರಿ. ಕೂಸಿಗೆ 10 ಶಿಲಿಂಗ್, ಸಾಕಲು ತಗಲುವುದು 2 ಶಿಲಿಂಗ್, ತಾಯಿಗೆ ನಿವ್ವಳ ಲಾಭ 8 ಶಿಲಿಂಗ್.

ಇದನ್ನು ಕ್ರೌರ್ಯದ ತಮಾಷೆ ಎಂದು ಓದಿ ಮುಚ್ಚಿಡುವವರೇ ಹೆಚ್ಚು. ಬರಹದ ಕೊನೆಯ ಭಾಗದಲ್ಲಿ “ಬೇರೆ ಉಪಾಯಗಳ ಮಾತನ್ನು ನನ್ನ ಮುಂದೆ ಯಾರೂ ಆಡಬೇಡಿ” ಎಂಬ ಅರ್ಥದ ಒಂದು ಉದ್ದನೆಯ ಪ್ಯಾರಾ ಇದೆ. ಅದನ್ನು ಮೊದಲು ಓದಿ. ಇಂಗ್ಲೆಂಡಿನಲ್ಲೇ ಕೂತು ಐರಿಷ್ ಗೇಣಿ ತಿನ್ನುವ ಮಾಲೀಕರ ಮೇಲೆ ಪೌಂಡಿಗೆ 5 ಶಿಲಿಂಗ್ ತೆರಿಗೆ, ದೇಶದಲ್ಲೇ ತಯಾರಾದ ಬಟ್ಟೆ ಮತ್ತು ಪೀಠೋಪಕರಣ, ಗೇಣಿದಾರರ ಬಗ್ಗೆ ಒಂದಿಷ್ಟಾದರೂ ಕರುಣೆ: ಸ್ವಿಫ್ಟ್ ಹಿಂದಿನ ವರ್ಷಗಳಲ್ಲಿ ನಿಜವಾಗಿ ಬೇಡಿ ಬೇಡಿ ಸೋತದ್ದು ಈ ಸುಧಾರಣೆಗಳನ್ನೇ. ಕರಪತ್ರದ ನಿಜವಾದ ಅರ್ಜಿ ಅಲ್ಲಿ ಅಡಗಿದೆ, ಉಳಿದದ್ದು ಅರ್ಜಿ ಕಸದಬುಟ್ಟಿಗೆ ಹೋದ ಮೇಲಿನ ಸಿಟ್ಟು.

ಕ್ಲೋಯ್ನ್‌ನ ಬಿಷಪ್ ಜಾರ್ಜ್ ಬರ್ಕ್ಲಿ 1735ರಿಂದ 1737ರವರೆಗೆ ಮೂರು ಭಾಗಗಳಲ್ಲಿ ತಂದ ‘ದಿ ಕ್ವೆರಿಸ್ಟ್’ ಪುಸ್ತಕದಲ್ಲಿ ಪ್ರಶ್ನೆಗಳನ್ನು ಬಿಟ್ಟರೆ ಬೇರೇನೂ ಇಲ್ಲ. ನೂರಾರು ಪ್ರಶ್ನೆ, ಒಂದಕ್ಕೂ ಉತ್ತರವಿಲ್ಲ. ದೇಶದ ಸುತ್ತ ಸಾವಿರ ಮೊಳದ ಹಿತ್ತಾಳೆ ಗೋಡೆ ಎದ್ದರೂ ನಮ್ಮ ಜನ ನೆಲ ಉತ್ತು ಚೊಕ್ಕಟವಾಗಿ ಬದುಕಲಾರರೇ ಎಂದು ಕೇಳುತ್ತಾನೆ. ಗಟ್ಟಿಮುಟ್ಟಾದ ಭಿಕ್ಷುಕರನ್ನು ಹಿಡಿದು ಕೆಲವು ವರ್ಷ ಸಾರ್ವಜನಿಕ ಗುಲಾಮರನ್ನಾಗಿ ಮಾಡಬಾರದೇ ಎಂದೂ ಕೇಳುತ್ತಾನೆ. ಸುಧಾರಕರೆಂದ ಮಾತ್ರಕ್ಕೆ ಎಲ್ಲರೂ ಬಡವರ ಕಡೆಯವರೆಂದು ಭಾವಿಸಬಾರದು ಎನ್ನಲು ಇಷ್ಟು ಸಾಕು.

ಕಾರ್ಕ್ ಕೌಂಟಿಯ ಭೂಮಾಲೀಕ ವಿಲಿಯಂ ಥಾಂಪ್ಸನ್ ಬೇರೆಯೇ ಜಾತಿಯವನು. ಸಂಪತ್ತಿನ ಹಂಚಿಕೆಯ ಕುರಿತು 1824ರಲ್ಲಿ ಅವನು ಬರೆದ ದಪ್ಪ ಗ್ರಂಥವನ್ನು ಮುಂದೆ ಮಾರ್ಕ್ಸ್ ಉಲ್ಲೇಖಿಸಿದ. ಮರುವರ್ಷ, ಟಿಪ್ಪರೇರಿಯ ಅನ್ನಾ ವೀಲರ್ ಜತೆ ಚರ್ಚಿಸಿ ಬೆಳೆಸಿದ ವಿಚಾರಗಳನ್ನು ‘ಮನುಕುಲದ ಅರ್ಧದ ಮನವಿ’ ಎಂಬ ಅರ್ಥದ ಹೆಸರಿನಲ್ಲಿ ಪ್ರಕಟಿಸಿದ. ಹೆಂಗಸರ ಹಿತ ತಂದೆ ಅಥವಾ ಗಂಡನ ಹಿತದಲ್ಲೇ ಅಡಕವಾಗಿದೆ, ಆದ್ದರಿಂದ ಅವರಿಗೆ ಬೇರೆ ಮತ ಬೇಕಿಲ್ಲ ಎಂದಿದ್ದ ಜೇಮ್ಸ್ ಮಿಲ್‌ಗೆ ಅದು ನೇರ ಉತ್ತರ. (ಇದೇ ಮಿಲ್ ಭಾರತಕ್ಕೆ ಕಾಲಿಡದೆ ಭಾರತದ ಇತಿಹಾಸ ಬರೆದವನು. ದೂರದಿಂದಲೇ ಇನ್ನೊಬ್ಬರ ಹಿತ ನಿರ್ಧರಿಸುವುದು ಅವನಿಗೆ ರೂಢಿಯಾಗಿತ್ತು.) ಥಾಂಪ್ಸನ್ ತನ್ನ ಆಸ್ತಿಯನ್ನು ಸಹಕಾರಿ ಚಳವಳಿಗೆ ಬರೆದಿಟ್ಟ, ಬಂಧುಗಳು ಕೋರ್ಟಿಗೆ ಹೋದರು.

ಲಾಲರ್ ನಂತರದ ಕೊಂಡಿ ಮೈಕೆಲ್ ಡೇವಿಟ್. 1846ರಲ್ಲಿ ಮೇಯೊ ಕೌಂಟಿಯ ಸ್ಟ್ರೇಡ್‌ನಲ್ಲಿ ಹುಟ್ಟಿ, ನಾಲ್ಕರ ವಯಸ್ಸಿನಲ್ಲಿ ಮನೆಯವರೊಂದಿಗೆ ಒಕ್ಕಲೆಬ್ಬಿಸಲ್ಪಟ್ಟು, ಇಂಗ್ಲೆಂಡಿನ ಹತ್ತಿಗಿರಣಿಯಲ್ಲಿ 11ನೇ ವಯಸ್ಸಿಗೆ ಬಲಗೈ ಕಳೆದುಕೊಂಡವನು. 1879ರ ಅಕ್ಟೋಬರ್ 21ರಂದು ಡಬ್ಲಿನ್ನಿನಲ್ಲಿ ಹುಟ್ಟಿದ, ಗೇಣಿದಾರರ ಸಂಘಟನೆಯಾದ ಲ್ಯಾಂಡ್ ಲೀಗಿಗೆ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಅಧ್ಯಕ್ಷ, ಡೇವಿಟ್ ಅದರ ಮಿದುಳು. ಮರುವರ್ಷ ಮೇಯೊದ ಲಾಕ್ ಮಾಸ್ಕ್ ಬಳಿ ಜಮೀನಿನ ಏಜೆಂಟನೊಬ್ಬನ ಮನೆಗೆ ಯಾರೂ ಕೆಲಸಕ್ಕೆ ಹೋಗಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಅವನ ಹೆಸರು ಕ್ಯಾಪ್ಟನ್ ಬಾಯ್ಕಾಟ್. ನಮ್ಮ ಪತ್ರಿಕೆಗಳಲ್ಲಿ ಇಂದಿಗೂ ಓಡಾಡುವ ‘ಬಾಯ್ಕಾಟ್’ ಅವನೇ.

ಈಗ ಲೆಕ್ಕಕ್ಕೆ ಬನ್ನಿ, ಏಕೆಂದರೆ ಬರಹದಲ್ಲಿ ಕೇಳಿದ್ದಕ್ಕೂ ಕಾಯಿದೆಯಲ್ಲಿ ಸಿಕ್ಕಿದ್ದಕ್ಕೂ ಇರುವ ಅಂತರ ಇಲ್ಲಿ ಬಯಲಾಗುತ್ತದೆ. 1881ರ ಕಾಯಿದೆ ನ್ಯಾಯವಾದ ಗೇಣಿ, ಒಕ್ಕಲೆಬ್ಬಿಸದ ಭದ್ರತೆ, ಹಿಡುವಳಿ ಹಕ್ಕನ್ನು ಮಾರುವ ಸ್ವಾತಂತ್ರ್ಯ ಈ ಮೂರನ್ನು ಕೊಟ್ಟಿತು. ಭೂ ನ್ಯಾಯಾಲಯ ಗೊತ್ತುಮಾಡಿದ ಗೇಣಿ 15 ವರ್ಷ ಬದಲಾಗುವಂತಿರಲಿಲ್ಲ. ಆಮೇಲೆ ಕೊಳ್ಳುವ ಕಾಯಿದೆಗಳು ಬಂದವು. 1885ರದ್ದು 50 ಲಕ್ಷ ಪೌಂಡ್ ಇಟ್ಟು, ಪೂರ್ತಿ ಬೆಲೆಯನ್ನು ಸರ್ಕಾರವೇ ಸಾಲ ಕೊಟ್ಟು, ವರ್ಷಕ್ಕೆ ಶೇ 4ರಂತೆ 49 ವರ್ಷದಲ್ಲಿ ತೀರಿಸಿಕೊಂಡಿತು. 1903ರ ವಿಂಡಮ್ ಕಾಯಿದೆ ಕಂತನ್ನು ಶೇ 3.25ಕ್ಕೆ ಇಳಿಸಿ ಅವಧಿಯನ್ನು ಅರವತ್ತೆಂಟೂವರೆ ವರ್ಷಕ್ಕೆ ಎಳೆಯಿತು, ಮಾರುವ ಮಾಲೀಕನಿಗೆ ಶೇ 12 ಬೋನಸ್ ಬೇರೆ. ಕಂತು ಹಳೆಯ ಗೇಣಿಗಿಂತ ಕಡಿಮೆ ಬೀಳುತ್ತಿದ್ದುದರಿಂದ ರೈತರು ಮುಗಿಬಿದ್ದರು.

ಆದರೆ ಡೇವಿಟ್ ಕೇಳಿದ್ದು ಇದನ್ನಲ್ಲ. 1882ರಿಂದಲೇ ಅವನು ನೆಲದ ರಾಷ್ಟ್ರೀಕರಣದ ಪರವಾಗಿ ಮಾತನಾಡುತ್ತಿದ್ದ. ರೈತನೇ ಮಾಲೀಕನಾದರೆ ಸಣ್ಣ ಜಮೀನ್ದಾರರ ಒಂದು ದಂಡು ಹುಟ್ಟುತ್ತದೆ, ಕೂಲಿಯವನಿಗೆ ಏನೂ ಸಿಗುವುದಿಲ್ಲ ಎನ್ನುವುದು ಅವನ ವಾದ. ಲಾಲರ್‌ನ “ಜನ” ಕಾಯಿದೆಯ ಬಾಗಿಲು ದಾಟುವಷ್ಟರಲ್ಲಿ “ಹಿಡುವಳಿದಾರ” ಆಗಿದ್ದ. ಹಿಡುವಳಿಯೇ ಇಲ್ಲದ ಕೂಲಿಕಾರರಿಗೆ 1883ರಿಂದ ಬೇರೆ ಕಾಯಿದೆಗಳಲ್ಲಿ ಸಣ್ಣ ಮನೆ, ಅದರ ಸುತ್ತ ಒಂದು ತುಂಡು ನೆಲ ಸಿಕ್ಕಿತು, ಅಷ್ಟೆ. ಡೇವಿಟ್‌ನ 1904ರ ‘ದಿ ಫಾಲ್ ಆಫ್ ಫ್ಯೂಡಲಿಸಂ ಇನ್ ಐರ್ಲೆಂಡ್’ 700 ಪುಟ ಮೀರಿದ ಪುಸ್ತಕ. ಅದರಿಂದ ಓದಲು ಶುರುಮಾಡಬೇಡಿ, ಹೆಸರುಗಳಲ್ಲಿ ಮುಳುಗಿಹೋಗುತ್ತೀರಿ.

ಅದಕ್ಕೆ ಎದುರುಮಾತಾಗಿ ಓದಬೇಕಾದದ್ದು ಪಾರ್ನೆಲ್‌ನ ತಂಗಿ ಅನ್ನಾ ಪಾರ್ನೆಲ್ 1907ರಲ್ಲಿ ಬರೆದ ‘ದಿ ಟೇಲ್ ಆಫ್ ಎ ಗ್ರೇಟ್ ಶಾಮ್’. ಗಂಡಸರೆಲ್ಲ ಜೈಲು ಸೇರಿದಾಗ ಚಳವಳಿ ನಡೆಸಿದ ಮಹಿಳಾ ಲ್ಯಾಂಡ್ ಲೀಗಿನ ಮುಂದಾಳು ಅವಳು. ಅವಳ ಟೀಕೆ ಬಹಳ ಲೌಕಿಕವಾದದ್ದು: ಪೊಲೀಸರು ಬಾಗಿಲಿಗೆ ಬಂದ ಕೊನೆಯ ಗಳಿಗೆಯಲ್ಲಿ ಗೇಣಿ ಕಟ್ಟುವುದನ್ನು ಪ್ರತಿಭಟನೆ ಎನ್ನಲಾಗದು, ಕೋರ್ಟು ಖರ್ಚೂ ಸೇರಿ ಮಾಮೂಲಿಗಿಂತ ಹೆಚ್ಚೇ ಕೊಟ್ಟಂತಾಯಿತು. ಅವಳು ಬದುಕಿದ್ದಾಗ ಅಚ್ಚಾಗದ ಆ ಹಸ್ತಪ್ರತಿ ಪುಸ್ತಕವಾದದ್ದು 1986ರಲ್ಲಿ. ಲ್ಯಾಂಡ್ ಲೀಗಿನ ಬಗ್ಗೆ ಅದಕ್ಕೂ ಹಿಂದೆ ಬರೆದವರನ್ನು ಓದುವಾಗ ಇದು ನೆನಪಿರಲಿ. ಈ ಸಾಕ್ಷ್ಯ ಅವರ ಮೇಜಿನ ಮೇಲೆ ಇರಲಿಲ್ಲ.

ಪಟ್ಟಣದ ಬಡತನದ ಕಡೆ ಬರಹವನ್ನು ತಿರುಗಿಸಿದವನು ಸಮಾಜವಾದಿ ಕಾರ್ಮಿಕ ನಾಯಕ ಜೇಮ್ಸ್ ಕಾನಲಿ. 1910ರ ‘ಲೇಬರ್ ಇನ್ ಐರಿಷ್ ಹಿಸ್ಟರಿ’ಯಲ್ಲಿ ಮರೆತುಹೋಗಿದ್ದ ಥಾಂಪ್ಸನ್‌ನನ್ನು ಮೇಲೆತ್ತಿ ನಿಲ್ಲಿಸಿದ. 1915ರ ‘ದಿ ರಿಕಾಂಕ್ವೆಸ್ಟ್ ಆಫ್ ಐರ್ಲೆಂಡ್’ನಲ್ಲಿ ದುಡಿಯುವವನು ಬಂಡವಾಳಶಾಹಿಯ ಗುಲಾಮ, ದುಡಿಯುವ ಹೆಣ್ಣು ಆ ಗುಲಾಮನ ಗುಲಾಮಳು ಎಂದ. ಅವನ ಪುಸ್ತಕದ ಜತೆಗೆ ಡಬ್ಲಿನ್ನಿನ ವಸತಿ ಕುರಿತ 1914ರ ಸರ್ಕಾರಿ ವಿಚಾರಣಾ ವರದಿಯನ್ನೂ ಇಟ್ಟುಕೊಳ್ಳಿ. 1913ರ ಸೆಪ್ಟೆಂಬರ್ 2ರಂದು ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ವಠಾರಗಳು ಕುಸಿದು ಏಳು ಜನ ಸತ್ತ ಮೇಲೆ ನಡೆದ ವಿಚಾರಣೆ ಅದು. ಒಂದೇ ಕೋಣೆಯಲ್ಲಿ ಬದುಕುತ್ತಿದ್ದ ಕುಟುಂಬಗಳು 20,108 ಎಂದು ಅದು ಎಣಿಸಿತು.

ಇನ್ನು 1916. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್ನಿನಲ್ಲಿ ದಂಗೆಯೆದ್ದವರು ಏಪ್ರಿಲ್ 24ರಂದು ಹೊರಡಿಸಿದ ಗಣರಾಜ್ಯದ ಘೋಷಣೆಯಲ್ಲಿ ಎರಡು ವಾಕ್ಯಗಳನ್ನು ಹಿಡಿದುಕೊಳ್ಳಿ. ಐರ್ಲೆಂಡಿನ ಒಡೆತನ ಐರ್ಲೆಂಡಿನ ಜನರ ಹಕ್ಕು ಎನ್ನುವುದು ಲಾಲರ್‌ನ ಮಾತೇ. ಘೋಷಣೆಗೆ ಕೆಲವೇ ವಾರ ಮೊದಲು, ದಂಗೆಯ ನಾಯಕನಾಗಿ ಮುಂದೆ ಮರಣದಂಡನೆಗೆ ಗುರಿಯಾದ ಪ್ಯಾಟ್ರಿಕ್ ಪಿಯರ್ಸ್ ‘ದಿ ಸಾವರಿನ್ ಪೀಪಲ್’ ಎಂಬ ಕರಪತ್ರದಲ್ಲಿ ಲಾಲರ್‌ನನ್ನು ಹೆಸರಿಸಿ ವಿವರಿಸಿದ್ದ. ಇನ್ನೊಂದು, ರಾಷ್ಟ್ರದ ಎಲ್ಲ ಮಕ್ಕಳನ್ನೂ ಸಮಾನವಾಗಿ ಪ್ರೀತಿಯಿಂದ ಕಾಣುವ ವಾಕ್ಯ. ಇದನ್ನು ಮಕ್ಕಳ ಹಕ್ಕಿನ ಹೇಳಿಕೆಯೆಂದು ಐರಿಷ್ ರಾಜಕಾರಣಿಗಳೇ ಉದ್ಧರಿಸುವುದುಂಟು. ಅದು ತಪ್ಪು ಓದು. ಮುಂದಿನ ಪದಗಳನ್ನು ಓದಿದರೆ ತಿಳಿಯುತ್ತದೆ: ಪರಕೀಯ ಸರ್ಕಾರ ಬೆಳೆಸಿಟ್ಟ, ಅಲ್ಪಸಂಖ್ಯಾತರನ್ನು ಬಹುಸಂಖ್ಯಾತರಿಂದ ಬೇರೆ ಮಾಡಿದ ಭೇದಗಳನ್ನು ಮರೆತು, ಎನ್ನುತ್ತದೆ ಅದು. “ಮಕ್ಕಳು” ಎಂದರೆ ಇಲ್ಲಿ ಎಳೆಯರಲ್ಲ, ಪ್ರಾಟೆಸ್ಟೆಂಟರು ಮತ್ತು ಕ್ಯಾಥೊಲಿಕರು. ಕನ್ನಡದಲ್ಲಿ ‘ಭಾರತಾಂಬೆಯ ಮಕ್ಕಳು’ ಎಂದರೆ ಅಂಗನವಾಡಿಯ ಮಾತಲ್ಲವಲ್ಲ, ಹಾಗೆ.

ನಿಜವಾಗಿ ಎಳೆಯ ಮಕ್ಕಳ ಮಾತು ಇರುವುದು 1919ರ ಜನವರಿ 21ರಂದು ಮೊದಲ ಐರಿಷ್ ಸಂಸತ್ತು, ಡಾಯ್ಲ್, ಡಬ್ಲಿನ್ನಿನ ಮ್ಯಾನ್ಷನ್ ಹೌಸಿನಲ್ಲಿ ಸೇರಿ ಒಪ್ಪಿದ ಡೆಮಾಕ್ರಟಿಕ್ ಪ್ರೋಗ್ರಾಂನಲ್ಲಿ. ಯಾವ ಮಗುವೂ ಅನ್ನ, ಬಟ್ಟೆ, ಸೂರು ಇಲ್ಲದೆ ಹಸಿವಿನಿಂದಲೂ ಚಳಿಯಿಂದಲೂ ನರಳದಂತೆ ನೋಡಿಕೊಳ್ಳುವುದು ಗಣರಾಜ್ಯದ ಸರ್ಕಾರದ ಮೊದಲ ಕರ್ತವ್ಯ ಎಂದಿತು ಅದು. ನೀವು ಓದಲು ತೊಡಗಬೇಕಾದ ಬರಹ ಇದೇ. ಪುಟ್ಟದು, ಒಂದೇ ಗುಟುಕಿಗೆ ಮುಗಿಯುತ್ತದೆ. ಆದರೆ ಅದನ್ನು ಅದರ ಮೊದಲ ಕರಡಿನೊಂದಿಗೆ ಹೋಲಿಸಿ ಓದಬೇಕು.

ಕರಡು ಬರೆದವನು ಲೇಬರ್ ಪಕ್ಷದ ಥಾಮಸ್ ಜಾನ್ಸನ್. 1918ರ ಡಿಸೆಂಬರ್ ಚುನಾವಣೆಯಲ್ಲಿ ಲೇಬರ್ ಕಣದಿಂದ ಹಿಂದೆ ಸರಿದಿತ್ತು, ಸ್ವತಂತ್ರ ಗಣರಾಜ್ಯ ಬೇಕೆಂದ ಶಿನ್ ಫೇನ್ ಪಕ್ಷ 73 ಸ್ಥಾನ ಗೆದ್ದಿತ್ತು. ಆ ಋಣ ಒಂದು ಕಡೆ. ಮುಂದಿನ ತಿಂಗಳು ಬರ್ನ್ ನಗರದಲ್ಲಿ ಸೇರಲಿದ್ದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲಿ ಲೇಬರ್ ಪ್ರತಿನಿಧಿಗಳು ಐರ್ಲೆಂಡಿನ ಪರ ಮಾತನಾಡಬೇಕಿತ್ತು, ಅದು ಇನ್ನೊಂದು ಕಡೆ. ಹೀಗಾಗಿ ಕರಡನ್ನು ಅವನಿಂದ ಬರೆಸಿದರು. ಅಧಿವೇಶನದ ಹಿಂದಿನ ರಾತ್ರಿ ಶಿನ್ ಫೇನ್ ನಾಯಕರಿಗೆ ಅದು ಖಾರವೆನಿಸಿತು. ಶಾನ್ ಟಿ. ಓಕೆಲ್ಲಿ ಕೂತು ತಿದ್ದಿದ. ತಿದ್ದಿದ್ದು ಎಲ್ಲಿ? ನೆಲ ಮತ್ತು ಸಂಪತ್ತನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು ನಂಬಿಕೆ ಕೆಡಿಸಿದರೆ ರಾಷ್ಟ್ರ ಅದನ್ನು ವಾಪಸು ಪಡೆಯಬಹುದು ಎಂಬ ಮಾತು ಹೋಯಿತು. ಉದ್ಯಮಗಳ ಆಡಳಿತದಲ್ಲಿ ಕಾರ್ಮಿಕ ಸಂಘಗಳಿಗೂ ಸಹಕಾರ ಸಂಘಗಳಿಗೂ ಪಾಲು ಎಂಬುದು ಹೋಯಿತು. ದುಡಿಯುವವರ ಸಂಪತ್ತಿನ ಮೇಲೆ ಬದುಕುವ ವರ್ಗವನ್ನೇ ಇಲ್ಲವಾಗಿಸುವ ಗುರಿಯೂ ಹೋಯಿತು. ಖಾಸಗಿ ಆಸ್ತಿಯ ಹಕ್ಕು ಸಾರ್ವಜನಿಕ ಹಿತಕ್ಕೆ ಅಧೀನ ಎಂಬ ಪಿಯರ್ಸ್‌ನ ವಿಚಾರ ಉಳಿಯಿತು. ಸತ್ತ ಹುತಾತ್ಮನ ಮಾತನ್ನು ಹೊಡೆದುಹಾಕುವುದು ಅಷ್ಟು ಸುಲಭವಲ್ಲ ಎನ್ನುವುದು ಜಾನ್ಸನ್‌ಗೆ ಗೊತ್ತಿತ್ತೆಂದು ಕಾಣುತ್ತದೆ.

ಇಲ್ಲಿಂದ 1937ಕ್ಕೆ ಒಂದೇ ಗೆರೆ ಎಳೆದುಬಿಡುವ ಆಸೆಯಾಗುತ್ತದೆ. ಎಳೆಯಬೇಡಿ. ಆಗಿನ ಸರ್ಕಾರದ ಮುಖ್ಯಸ್ಥ ಏಮನ್ ಡಿ ವಲೆರಾ ತಂದ ಸಂವಿಧಾನದ 45ನೇ ವಿಧಿಗೆ ಇನ್ನೊಂದು ತಾಯಿಬೇರಿದೆ: 1891 ಮತ್ತು 1931ರಲ್ಲಿ ಪೋಪರು ಹೊರಡಿಸಿದ, ಬಂಡವಾಳಶಾಹಿಯನ್ನೂ ಸಮಾಜವಾದವನ್ನೂ ಒಟ್ಟಿಗೆ ತಿರಸ್ಕರಿಸಿದ ಸಾಮಾಜಿಕ ಸುತ್ತೋಲೆಗಳು. ಕರಡಿನ ಕೆಲಸದಲ್ಲಿ ಪಾದ್ರಿಗಳ ಸಲಹೆ ಧಾರಾಳವಾಗಿತ್ತು. “ದಾನಧರ್ಮ” ಬಂದದ್ದು ಆ ದಾರಿಯಿಂದ. ಒಡೆತನ “ಖಾಸಗಿ ವ್ಯಕ್ತಿಗಳ ಮತ್ತು ವಿವಿಧ ವರ್ಗಗಳ ನಡುವೆ” ಹಂಚಿಕೆಯಾಗಬೇಕೆಂಬ ಪಟ್ಟಿನಲ್ಲೂ ಅದೇ ಬೋಧನೆಯ ದನಿಯಿದೆ. ನೆಲದ ಮೇಲೆ ಸಾಧ್ಯವಾದಷ್ಟು ಕುಟುಂಬಗಳನ್ನು ಆರ್ಥಿಕ ಭದ್ರತೆಯಲ್ಲಿ ನೆಲೆಗೊಳಿಸುವ ಮಾತೂ ಅದೇ ವಿಧಿಯಲ್ಲಿದೆ, ಅದರಲ್ಲಿ ಮಾತ್ರ ಲ್ಯಾಂಡ್ ಲೀಗಿನ ವಾಸನೆ ಇದೆ. ಆಗ ಡಿ ವಲೆರಾ ಹಳೆಯ ಭೂಸಾಲದ ಕಂತು, ವರ್ಷಕ್ಕೆ ಸುಮಾರು 30 ಲಕ್ಷ ಪೌಂಡ್, ಬ್ರಿಟನ್ನಿಗೆ ಕೊಡುವುದನ್ನು 1932ರಿಂದ ನಿಲ್ಲಿಸಿ ವ್ಯಾಪಾರ ಯುದ್ಧದಲ್ಲಿದ್ದ. ಅದು ಬಗೆಹರಿದದ್ದು 1938ರಲ್ಲಿ, 1 ಕೋಟಿ ಪೌಂಡ್ ಒಂದೇ ಸಲ ಕೊಟ್ಟು. ಇಷ್ಟೆಲ್ಲ ಹೇಳಿದ ವಿಧಿಯ ತಲೆಯಲ್ಲೇ ಬೀಗವೂ ಇದೆ: ಇವು ಸಂಸತ್ತಿನ ಮಾರ್ಗದರ್ಶನಕ್ಕೆ ಮಾತ್ರ, ಯಾವ ನ್ಯಾಯಾಲಯವೂ ಗಣಿಸತಕ್ಕದ್ದಲ್ಲ.

ಒಂದು ಖಂಡದ ಕಥೆ ವಿಶೇಷವಾಗಿ ತಿಳಿದಿರಲಿ. ಮೊದಲ ಕರಡಿನಲ್ಲಿ “ಹೆಂಗಸರ ಸಾಲದ ಶಕ್ತಿ” ಮತ್ತು ಮಕ್ಕಳ ಎಳೆತನ ದುರುಪಯೋಗವಾಗಬಾರದು ಎಂದಿತ್ತು. ಐರಿಷ್ ಮಹಿಳಾ ಕಾರ್ಮಿಕರ ಸಂಘ ಮತ್ತು ಪದವೀಧರ ಮಹಿಳೆಯರು ತಿರುಗಿಬಿದ್ದರು. ಅದು “ಗಂಡು ಹೆಣ್ಣು ಕಾರ್ಮಿಕರ ಶಕ್ತಿ ಮತ್ತು ಆರೋಗ್ಯ” ಎಂದಾಯಿತು. ಆ ತಿದ್ದಿದ ರೂಪವೇ ನಮ್ಮ 39ನೇ ವಿಧಿಯ ಇ ಖಂಡದಲ್ಲಿ ಕೂತಿದೆ. ತಮ್ಮ “ಲಿಂಗ, ವಯಸ್ಸು, ಶಕ್ತಿಗೆ” ಒಗ್ಗದ ಕೆಲಸ ಎಂಬಲ್ಲಿ ಐರಿಷರು ಉಳಿಸಿಕೊಂಡ “ಲಿಂಗ”ವನ್ನು ನಮ್ಮವರು ಬಿಟ್ಟರು. ಆ ವಿರೋಧದಲ್ಲಿ ಮುಂದಿದ್ದ ಹ್ಯಾನಾ ಶೀಹಿ ಸ್ಕೆಫಿಂಗ್ಟನ್ ಜತೆ 1908ರಲ್ಲಿ ಐರಿಷ್ ಮಹಿಳಾ ಮತದಾನ ಸಂಘ ಕಟ್ಟಿದವರು ಮಾರ್ಗರೆಟ್ ಕಸಿನ್ಸ್. 1915ರಲ್ಲಿ ಭಾರತಕ್ಕೆ ಬಂದು, 1919–20ರಲ್ಲಿ ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮೊದಲ ಮುಖ್ಯಸ್ಥೆಯಾಗಿದ್ದರು. ಅವರ ಗಂಡ ಜೇಮ್ಸ್ ಕಸಿನ್ಸ್ ಅವರೇ ಮೈಸೂರಿನಲ್ಲಿ ಎಳೆಯ ಕುವೆಂಪು ಅವರಿಗೆ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆಯಲು ಹೇಳಿದವರು.

ನಮ್ಮ ಸಂವಿಧಾನ ಸಭೆಯ ಸಲಹೆಗಾರ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಬ್ರಿಟನ್ ಜತೆ ಐರ್ಲೆಂಡಿಗೂ ಹೋಗಿಬಂದರು. ಅಲ್ಲಿಂದ ತತ್ತ್ವಗಳನ್ನು ಹೊತ್ತುತಂದರು ಎಂದು ಬರೆಯಬೇಡಿ. ಅವರ ಕರಡು ಅಷ್ಟರಲ್ಲಿ ಸಿದ್ಧವಿತ್ತು, ನಿರ್ದೇಶಕ ತತ್ತ್ವಗಳೂ ಅದರಲ್ಲಿದ್ದವು. ಎರವಲು ಪಡೆದದ್ದು ಪಠ್ಯದಿಂದ, ಪ್ರಯಾಣದಿಂದಲ್ಲ. ಕೋರ್ಟಿನ ಬೀಗವನ್ನು ನಮ್ಮ 37ನೇ ವಿಧಿಯೂ ಉಳಿಸಿಕೊಂಡಿತು, ಆದರೆ ದೇಶದ ಆಡಳಿತಕ್ಕೆ ಇವು ಮೂಲಭೂತ, ಕಾಯಿದೆ ಮಾಡುವಾಗ ಅನ್ವಯಿಸುವುದು ರಾಜ್ಯದ ಕರ್ತವ್ಯ ಎಂದು ಸೇರಿಸಿತು. “ಮಾರ್ಗದರ್ಶನ” ಎಂಬ ಐರಿಷ್ ಪದಕ್ಕಿಂತ ಇದು ಭಾರ.

ಓದುವಾಗ ಕಾಲು ಜಾರುವ ಇನ್ನೂ ಕೆಲವು ಕಡೆಗಳಿವೆ. ‘ಗೇಣಿ’ ಎಂದಾಕ್ಷಣ ಅಕ್ಕಿಮುಡಿ ಅಳೆಯುವ ಚಿತ್ರ ಬರಬಾರದು. ಐರಿಷ್ ಗೇಣಿ ಸಾಮಾನ್ಯವಾಗಿ ನಗದು, ವರ್ಷಕ್ಕೆ ಎರಡು ಕಂತು, ಮೇ ಮತ್ತು ನವೆಂಬರ್‌ನಲ್ಲಿ. ಕೈಯಲ್ಲಿ ಕಾಸಿಲ್ಲದಿದ್ದರೆ ಹೊಟ್ಟೆಗೆ ಆಲೂಗಡ್ಡೆ ಇಟ್ಟುಕೊಂಡು ಗೋಧಿ, ಓಟ್ಸ್, ಹಂದಿ ಮಾರಿ ಕಟ್ಟಬೇಕು. ಆಲೂಗಡ್ಡೆ ಕೊಳೆತಾಗ ಧಾನ್ಯ ಏಕೆ ಹಡಗು ಹತ್ತಿತು ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ. ಹಳೆಯ ಕರಪತ್ರಗಳಲ್ಲಿ ಎಕರೆಗೆ ಇಷ್ಟು ಎಂದಿದ್ದರೆ ಯಾವ ಎಕರೆ ನೋಡಿ. ಐರಿಷ್ ಎಕರೆ ನಮಗೆ ಗೊತ್ತಿರುವ ಎಕರೆಯ 1.62 ಪಟ್ಟು, ಅಂದರೆ ಸುಮಾರು 65 ಗುಂಟೆ. ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. 1752ಕ್ಕಿಂತ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಆದ್ದರಿಂದ ಸ್ವಿಫ್ಟ್‌ನ ಕೆಲವು ಕರಪತ್ರಗಳ ಮೇಲೆ ‘1727–28’ ಎಂಬ ಜೋಡಿ ವರ್ಷ ಕಂಡರೆ ಗಾಬರಿಯಾಗಬೇಡಿ. ಐರಿಷ್ ಕ್ರಾಂತಿಕಾರಿ ವುಲ್ಫ್ ಟೋನ್‌ನ “ಆಸ್ತಿಯಿಲ್ಲದ ಜನ” ಎಂಬ ಪ್ರಸಿದ್ಧ ಮಾತು ಕರಪತ್ರದ್ದಲ್ಲ, 1796ರ ದಿನಚರಿಯದು. ಆಸ್ತಿವಂತರು ಜತೆಗೆ ಬರದಿದ್ದರೆ ಇವರನ್ನು ನೆಚ್ಚೋಣ ಎಂಬ ಷರತ್ತಿನೊಂದಿಗೆ ಬರೆದದ್ದು. ಭಿತ್ತಿಪತ್ರಗಳು ಷರತ್ತನ್ನು ಬಿಟ್ಟುಬಿಡುತ್ತವೆ.

ಹೀಗೆ ಓದಿ: ಮೊದಲು ಡೆಮಾಕ್ರಟಿಕ್ ಪ್ರೋಗ್ರಾಂ ಮತ್ತು ಅದರ ಕರಡು. ಆಮೇಲೆ ಲಾಲರ್‌ನ ಜೂನ್ 24ರ ಲೇಖನ, ಪಿಯರ್ಸ್‌ನ ಕರಪತ್ರ, ಸ್ವಿಫ್ಟ್, ಕಾನಲಿಯ ಎರಡು ಪುಸ್ತಕಗಳು, ಕೊನೆಗೆ ಡೇವಿಟ್ ಮತ್ತು ಅನ್ನಾ ಪಾರ್ನೆಲ್ ಎದುರುಬದುರು. ಪಿಯರ್ಸ್ ಮತ್ತು ಕಾನಲಿಯ ಬರಹಗಳು ಕಾರ್ಕ್‌ನ ಯೂನಿವರ್ಸಿಟಿ ಕಾಲೇಜಿನ ‘ಸೆಲ್ಟ್’ ಡಿಜಿಟಲ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಡಾಯ್ಲ್‌ನ ನಡಾವಳಿ ಐರಿಷ್ ಸಂಸತ್ತಿನ ಜಾಲತಾಣದಲ್ಲಿ ಮೊದಲ ದಿನದಿಂದಲೂ ಇದೆ. 1937ರ ಸಂವಿಧಾನದಲ್ಲಿ ಐರಿಷ್ ಭಾಷೆಯ ಪಠ್ಯಕ್ಕೂ ಇಂಗ್ಲಿಷಿಗೂ ವ್ಯತ್ಯಾಸ ಬಂದರೆ ಐರಿಷ್‌ದೇ ಅಂತಿಮ ಎನ್ನುವುದೂ ತಿಳಿದಿರಲಿ.

ಇಷ್ಟಾದ ಮೇಲೆ ಆ ಕಿತ್ತುಹಾಕಿದ ತುಂಡಿಗೆ ಮರಳಿ. 1976ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಒಪ್ಪಂದ ಬಸ್ಸುಗಳನ್ನು ಕಾಯಿದೆ ಮಾಡಿ ವಶಪಡಿಸಿಕೊಂಡಿತು. ಮರುವರ್ಷ ಆ ಕಾಯಿದೆಯ ಕುರಿತ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮೂವರ ಪರವಾಗಿ ಬರೆದು, ಸಮುದಾಯದ ಭೌತಿಕ ಸಂಪನ್ಮೂಲ ಎಂದರೆ ಖಾಸಗಿ ಆಸ್ತಿಯೂ ಸೇರಿ ಎಂದರು. ಉಳಿದ ನಾಲ್ವರು ಕಾಯಿದೆಯನ್ನು ಎತ್ತಿಹಿಡಿದರೂ ಆ ವ್ಯಾಖ್ಯಾನಕ್ಕೆ ಸಹಿ ಹಾಕಲಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಬಹುಮತದಿಂದ, ಪ್ರತಿಯೊಂದು ಖಾಸಗಿ ಆಸ್ತಿಯೂ 39ನೇ ವಿಧಿಯ ಬಿ ಖಂಡದ ಸಂಪನ್ಮೂಲವಾಗುವುದಿಲ್ಲ, ಕೆಲವು ಆಗಬಹುದು ಎಂದಿತು. ಐರಿಷ್ ಪಠ್ಯದ ಆ ತುಂಡು ನಮ್ಮಲ್ಲಿ ಉಳಿದಿದ್ದರೆ ಈ ವಾದ ಬೇರೆ ದಾರಿ ಹಿಡಿಯುತ್ತಿತ್ತು. ಪರೀಕ್ಷೆಯಲ್ಲಿ ಒಂದೇ ಪದಕ್ಕೆ ಜಾಗವಿದ್ದರೆ ಮಾತ್ರ “ಐರ್ಲೆಂಡ್” ಎಂದೇ ಬರೆಯಿರಿ. ಅಂಕ ಇರುವುದು ಅದಕ್ಕೆ.